ಚಿತ್ರಕಥಿ ಪರಂಪರೆ: ಚಿತ್ರ ಮತ್ತು ನಿರೂಪಣೆ

ಚಿತ್ರಗಳ ಮೂಲಕ ಕಥೆ ಹೇಳುವ ಪದ್ಧತಿ ಭಾರತದಲ್ಲಿ ಬಹು ಪ್ರಾಚೀನವಾದುದು. ಬಂಗಾಳದ ಪಟಚಿತ್ರ, ರಾಜಸ್ಥಾನದ ಫಡ್, ತೆಲಂಗಾಣದ ಚೇರಿಯಾಲ ಸುರುಳಿಗಳು ಇದಕ್ಕೆ ನಿದರ್ಶನಗಳು. ಇವುಗಳ ಸಾಲಿಗೆ ಸೇರುವ ಮಹಾರಾಷ್ಟ್ರದ 'ಚಿತ್ರಕಥಿ' ಪರಂಪರೆಯು ಕನ್ನಡ ಸಂಶೋಧಕರ ಗಮನವನ್ನು ವಿಶೇಷವಾಗಿ ಬೇಡುತ್ತದೆ. ಚಿತ್ರಗಳನ್ನು ತೋರಿಸುತ್ತ ಕಥೆ ಹೇಳುವವನ ಉಲ್ಲೇಖವು ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ದೊರೆಯುತ್ತದೆ. ಗ್ರಂಥ ಸಂಸ್ಕೃತದ್ದಾದರೂ ಅದು ಹುಟ್ಟಿದ್ದು ಇಂದಿನ ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ಹಬ್ಬಿದ್ದ ರಾಜ್ಯದ ಆಸ್ಥಾನದಲ್ಲಿ. ಆದರೆ ನಮಗೆ ಉಳಿದಿರುವ ಚಿತ್ರಗಳು ಬಹುಮಟ್ಟಿಗೆ 18 ಮತ್ತು 19ನೆಯ ಶತಮಾನಗಳವು. ನಡುವಿನ ಅಂತರ ದೀರ್ಘವಾದುದು. ಹೆಸರೊಂದು ಉಳಿದುಬಂದ ಮಾತ್ರಕ್ಕೆ ಪರಂಪರೆ ಅಖಂಡವಾಗಿತ್ತೆಂದು ನಾವು ಹೇಳಲಾಗದು.

ಸಿಂಧುದುರ್ಗ ಜಿಲ್ಲೆಯ ಕುಡಾಳದ ಬಳಿಯ ಪಿಂಗುಳಿ ಈ ಕಲೆಯ ಮುಖ್ಯ ನೆಲೆ. ಅಲ್ಲಿನ ಠಾಕರ ಸಮುದಾಯದವರು ಸಾವಂತವಾಡಿ ಸಂಸ್ಥಾನದ ಆಶ್ರಯದಲ್ಲಿ ದೇವಾಲಯಗಳಲ್ಲಿ ಕಥೆ ನಡೆಸುತ್ತಿದ್ದರು. ಒಂದು ಕಥೆಗೆ ಸೇರಿದ ಬಿಡಿ ಹಾಳೆಗಳ ಕಟ್ಟಿಗೆ 'ಪೋಥಿ' ಎಂದು ಹೆಸರು. ಎರಡು ಚಿತ್ರಗಳನ್ನು ಬೆನ್ನಿಗೆ ಬೆನ್ನು ಅಂಟಿಸುವುದು ರೂಢಿ. ಮುಂದಿನ ಮಗ್ಗುಲಿನ ಪ್ರಸಂಗ ಮುಗಿದೊಡನೆ ಹಾಳೆಯನ್ನು ಮಗುಚಿದರೆ ಕಥೆ ಮುಂದೆ ಸಾಗುತ್ತದೆ. ತಾಳ, ಹುಡುಕ್ ಮೊದಲಾದ ವಾದ್ಯಗಳ ಹಿಮ್ಮೇಳದಲ್ಲಿ ನಿರೂಪಕನು ಹಾಡಿ, ಮಾತಿನಿಂದ ವಿವರಿಸುತ್ತಾನೆ.

ಈ ಚಿತ್ರಗಳ ರಚನೆಯೇ ಅವುಗಳ ಉದ್ದೇಶವನ್ನು ಸೂಚಿಸುತ್ತದೆ. ಹಿನ್ನೆಲೆ ಬಹುಪಾಲು ಬರಿದು. ಪಾತ್ರಗಳು ಪಾರ್ಶ್ವಮುಖಿಗಳಾಗಿ, ಅಗಲವಾದ ಕಣ್ಣುಗಳಿಂದ ಪರಸ್ಪರ ಎದುರಾಗಿ ನಿಲ್ಲುತ್ತವೆ. ಪರಂಪರೆಯ ಕಥೆಗಳಲ್ಲೊಂದಾದ ಬಭ್ರುವಾಹನ ಪ್ರಸಂಗವನ್ನೇ ನೋಡೋಣ. ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಕಥೆಯಿದು. ಬಿಲ್ಲು ಹಿಡಿದ ಇಬ್ಬರು ವೀರರನ್ನು ಚಿತ್ರ ತೋರಿಸಬಲ್ಲುದು. ಅವರು ತಂದೆ ಮಕ್ಕಳೆಂಬುದನ್ನೂ, ಮಗನ ವಿನಯವನ್ನು ತಂದೆ ಧಿಕ್ಕರಿಸಿದ್ದರಿಂದಲೇ ಯುದ್ಧ ಒದಗಿತೆಂಬುದನ್ನೂ ನಿರೂಪಕನೇ ಹೇಳಬೇಕು. ಕಥೆ ಗೊತ್ತಿದ್ದ ಸಭೆಗೆ ಚಿತ್ರವು ಸ್ಮರಣೆಯ ಆಧಾರವಾಗಿತ್ತು. ನಿರೂಪಕನಿಗೆ ಎಲ್ಲಿ ನಿಂತು ವಿಸ್ತರಿಸಬೇಕೆಂಬುದರ ಗುರುತಾಗಿತ್ತು. ಚಿತ್ರವು ಮಾತಿನ ಸ್ಥಾನವನ್ನು ಆಕ್ರಮಿಸಿತೆನ್ನುವುದಕ್ಕಿಂತ ಮಾತಿಗೆ ಎಡೆಮಾಡಿಕೊಟ್ಟಿತೆನ್ನುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.

ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಈ ಬಗೆಯ ಚಿತ್ರಗಳಿವೆ. ಪೈಠಣದ ಸುತ್ತಮುತ್ತ ದೊರೆತವುಗಳಿಂದಾಗಿ 'ಪೈಠಣ ಚಿತ್ರಗಳು' ಎಂಬ ಹೆಸರು ರೂಢಿಗೆ ಬಂದಿತು. ದೇಶವಿದೇಶಗಳ ಸಂಗ್ರಹಗಳಿಗೆ ಹಲವು ಹಾಳೆಗಳು ಬಿಡಿಯಾಗಿಯೇ ಸೇರಿವೆ. ಪೋಥಿಯಿಂದ ಬೇರ್ಪಟ್ಟ ಹಾಳೆ ತನ್ನ ಹಿಂದುಮುಂದನ್ನು ಕಳೆದುಕೊಳ್ಳುತ್ತದೆ; ಚೌಕಟ್ಟಿಗೆ ಕೂಡಿಸಿ ಗೋಡೆಗೆ ತೂಗಿದರೆ ಅದರ ಇನ್ನೊಂದು ಮಗ್ಗುಲೂ ಮರೆಯಾಗುತ್ತದೆ. ವರ್ಣ ರೇಖೆಗಳು ಉಳಿದರೂ ಕಥೆಯ ಕ್ರಮ ಅಳಿಯುತ್ತದೆ.

ಈ ಪಾರ್ಶ್ವಮುಖ ಶೈಲಿಗೂ ತೊಗಲುಗೊಂಬೆಗಳಿಗೂ ಇರುವ ಸಾಮ್ಯವನ್ನು ವಿದ್ವಾಂಸರು ಗುರುತಿಸಿದ್ದಾರೆ. ಪಿಂಗುಳಿಯ ಕಲಾವಿದರು ತೊಗಲುಗೊಂಬೆಯಾಟವನ್ನೂ ಬಲ್ಲವರು. ಕರ್ನಾಟಕದ ಗೊಂಬೆಯಾಟದ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿಯ ಒಂದು ಉಪಭಾಷೆಯನ್ನಾಡುತ್ತ, ಆಟವನ್ನು ಕನ್ನಡದಲ್ಲಿ ನಡೆಸುತ್ತ ಬಂದವರು. ಎರಡು ಪರಂಪರೆಗಳ ಸಂಬಂಧವನ್ನು ನಿಷ್ಕರ್ಷಿಸಲು ರೂಪಸಾಮ್ಯವೊಂದೇ ಸಾಲದು. ಪ್ರಸಂಗಗಳ ಅನುಕ್ರಮ, ಹಾಡಿನ ಮಟ್ಟು, ನಿರೂಪಣೆಯ ಪಾಠ ಇವುಗಳನ್ನು ಎದುರುಬದುರು ಇರಿಸಿ ನೋಡಬೇಕು.

ಪಿಂಗುಳಿಯ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದದ್ದು ಪರಂಪರೆ ಇನ್ನೂ ಜೀವಂತವಾಗಿರುವುದರ ಸಾಕ್ಷಿ. ಹಾಳೆಯನ್ನು ರಕ್ಷಿಸುವ ಕಾರ್ಯ ವಸ್ತುಸಂಗ್ರಹಾಲಯಗಳಿಂದ ನಡೆಯುತ್ತಿದೆ. ಆ ಹಾಳೆಯೊಡನೆ ಹೇಳುತ್ತಿದ್ದ ಮಾತನ್ನು ದಾಖಲಿಸುವ ಹೊಣೆ ಸಂಶೋಧಕರದು. ಮರಾಠಿ ಪರಿಸರದಲ್ಲಿ ನೆಲೆಸಿ ಎರಡೂ ಭಾಷೆಗಳನ್ನು ಬಲ್ಲ ಕನ್ನಡಿಗರು ಈ ಕಾರ್ಯಕ್ಕೆ ವಿಶೇಷವಾಗಿ ಅರ್ಹರೆಂದು ನಾವು ಭಾವಿಸುತ್ತೇವೆ.