ಉಜ್ಜಿ ತೆಗೆದ ಮುದ್ರೆ

ಹಳೇ ಜರ್ಮನ್ ಪಿಸ್ತೂಲು ಸಂಗ್ರಹಿಸುವವರ ಲೋಕವೇ ಬೇರೆ. ಪಿಸ್ತೂಲಿಗಿಂತ ಅದರ ಮೇಲೆ ಒತ್ತಿದ ಪುಟ್ಟ ಅಕ್ಷರಗಳನ್ನೇ ಅವರು ಮೊದಲು ನೋಡೋದು!

1938ರಲ್ಲಿ ಜರ್ಮನ್ ಸೈನ್ಯ ಒಪ್ಪಿಕೊಂಡ ವಾಲ್ಥರ್ ಪಿ38 ತಗೊಳ್ಳಿ. ತಯಾರಿಸಿದ ಕಾರ್ಖಾನೆ ಯಾವುದೆಂದು ಶತ್ರುವಿಗೆ ತಿಳಿಯಬಾರದು ಅಂತ ಯುದ್ಧಕಾಲದಲ್ಲಿ ಗುಟ್ಟಿನ ಅಕ್ಷರ ಒತ್ತುತ್ತಿದ್ದರು. 'ಎಸಿ' ಅಂದ್ರೆ ವಾಲ್ಥರ್, 'ಬಿವೈಎಫ್' ಅಂದ್ರೆ ಮೌಸರ್, 'ಸಿವೈಕ್ಯೂ' ಅಂದ್ರೆ ಸ್ಪ್ರೇವರ್ಕ್. ಆ ಗುಟ್ಟು ಈಗ ಹವ್ಯಾಸಿಗಳಿಗೆಲ್ಲ ಬಾಯಿಪಾಠ. ಜೊತೆಗೆ ಹದ್ದು-ಸ್ವಸ್ತಿಕದ ಮುದ್ರೆ (ನಮ್ಮ ಹೊಸ್ತಿಲ ಮೇಲಿನದಲ್ಲ, ಹಿಟ್ಲರನದು) ಮಾಸದೆ ಉಳಿದಿದ್ದರೆ ಬೆಲೆ ಇನ್ನೂ ಏರುತ್ತೆ. ಇದು ನನಗೆ ಯಾಕೋ ಸರಿ ಅನ್ನಿಸಲ್ಲ.

1945ರ ನಂತರ ವಾಲ್ಥರ್ ಕಾರ್ಖಾನೆಯಿದ್ದ ತ್ಸೆಲ್ಲಾ-ಮೇಲಿಸ್ ಊರು ಸೋವಿಯತ್ ವಲಯಕ್ಕೆ ಸೇರಿತು. ಕಂಪನಿ ಪಶ್ಚಿಮದ ಉಲ್ಮ್‌ನಲ್ಲಿ ಮತ್ತೆ ತಲೆಯೆತ್ತಿತು. 1957ರಿಂದ ಅದೇ ಪಿ38 ಅಲ್ಯೂಮಿನಿಯಂ ಚೌಕಟ್ಟಿನೊಂದಿಗೆ ಪಶ್ಚಿಮ ಜರ್ಮನಿಯ ಸೈನ್ಯಕ್ಕೆ ಬಂತು, 1963ರಲ್ಲಿ 'ಪಿ1' ಅಂತ ಹೆಸರಾಯ್ತು. ಸೈನ್ಯ, ಪೊಲೀಸರು ಬಳಸಿ ಬಿಟ್ಟ ಪಿ1ಗಳು ಆಮೇಲೆ ಹೆಚ್ಚುವರಿ ಮಾಲಾಗಿ ಮಾರಾಟಕ್ಕೆ ಬಂದವು.

ಪೂರ್ವ ಜರ್ಮನಿಯ ಕತೆ ಇನ್ನೂ ಸ್ವಾರಸ್ಯ. ಅಲ್ಲಿನ ಪೊಲೀಸರು ಯುದ್ಧದಿಂದ ಉಳಿದ ಹಳೇ ಲೂಗರ್ ಪಿ08ಗಳನ್ನೇ ರಿಪೇರಿ ಮಾಡಿ ಸೊಂಟಕ್ಕೆ ಕಟ್ಟಿಕೊಂಡರು. ಸವೆದ ಭಾಗ ಬದಲಿಸಿದರು, ಮತ್ತೆ ಬಣ್ಣ ಕಟ್ಟಿದರು, ಎಷ್ಟೋ ಪಿಸ್ತೂಲುಗಳ ಸ್ವಸ್ತಿಕವನ್ನು ಉಜ್ಜಿ ತೆಗೆದರು. ಕೆಲವಕ್ಕೆ ಒಂದರೊಳಗೊಂದು ವೃತ್ತಗಳಿರುವ ಪ್ಲಾಸ್ಟಿಕ್ ಹಿಡಿಕೆ ಹಾಕಿದರು.

'ಒರಿಜಿನಲ್' ಬೇಕೆನ್ನುವವರಿಗೆ ಇಂಥವು ಕೆಟ್ಟ ಮಾಲು. ನನಗೆ ಕೊಟ್ಟರೆ ನಾನು ಇದನ್ನೇ ಆರಿಸಿಕೊಳ್ತೀನಿ. ಹಿಟ್ಲರನ ಕಾಲದ ಅದೇ ಕಬ್ಬಿಣ, ಈಗ ಸಮಾಜವಾದಿ ಪೊಲೀಸನ ಸೊಂಟದಲ್ಲಿ. ಹದ್ದಿನ ಕಾಲ ಕೆಳಗೆ ಬರೀ ಒಂದು ಗೀಚು.