ಬಂಡಿಯ ಬಿಗುವೂ ಬಿಲ್ಲಿನ ಬಾಗೂ

ನಂಜನಗೂಡಿನಿಂದ ಸುತ್ತೂರಿನ ಮೇಲೆ ತಿರುಮಕೂಡಲು ನರಸೀಪುರಕ್ಕೆ ಹೋಗುವ ದಾರಿಯಲ್ಲಿ ನಿಂತು ನೋಡಿದರೆ, ಬಾಳೆಗೊನೆ, ಕಬ್ಬು, ಭತ್ತದ ಮೂಟೆಗಳನ್ನು ಹೇರಿಕೊಂಡು ಓಡಾಡುವ ಪಿಕಪ್ ಗಾಡಿಗಳು ವಾಚಕರ ಕಣ್ಣಿಗೆ ಬೀಳದಿರವು. ಹೇರು ತುಂಬಿರುವಾಗ ಗಂಭೀರವಾಗಿ ಸಾಗುವ ಅದೇ ಗಾಡಿ, ಸರಕನ್ನಿಳಿಸಿ ಬರಿದಾಗಿ ಹಿಂದಿರುಗುವಾಗ ಒಂದೊಂದು ಹಳ್ಳದಲ್ಲಿಯೂ ಕುಳಿತವರನ್ನು ಎತ್ತಿ ಎತ್ತಿ ಹಾಕುತ್ತದೆ. ತುಂಬಿದ ಗಾಡಿ ಮೆದು, ಬರಿಯ ಗಾಡಿ ಗಡಸು. ಇದೇನು ವಿಚಿತ್ರ? ಈ ಪ್ರಶ್ನೆಗೆ ಉತ್ತರ ಗಾಡಿಖಾನೆಯಲ್ಲಿ ಅರ್ಧ ದೊರೆತರೆ, ಉಳಿದರ್ಧ ಚರಿತ್ರೆಯಲ್ಲಿ ದೊರೆಯುತ್ತದೆ.

ಕುಲುಕಾಟವನ್ನು ತಗ್ಗಿಸುವುದಕ್ಕೆ ಮನುಷ್ಯನು ಕಂಡುಕೊಂಡ ಉಪಾಯಗಳು ಮುಖ್ಯವಾಗಿ ಮೂರು. ನಡೆಯನ್ನು ನಿಧಾನಗೊಳಿಸುವುದು ಮೊದಲನೆಯದು. ದಾರಿಯನ್ನು ಹಸನುಗೊಳಿಸುವುದು ಎರಡನೆಯದು. ಗಾಡಿಯನ್ನೇ ಮೆದುಗೊಳಿಸುವುದು ಮೂರನೆಯದು. ಮೊದಲೆರಡಕ್ಕೆ ನಂಜನಗೂಡಿನಲ್ಲಿಯೇ ಸಾಕ್ಷಿಗಳಿವೆ. ದೊಡ್ಡ ಜಾತ್ರೆಯಂದು ಎಳೆಯುವ ಐದು ತೇರುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವು ಹಿರಿದು. ಅಷ್ಟು ಭಾರದ ರಥಕ್ಕೆ ಯಾವ ಮೆತ್ತೆಯೂ ಇಲ್ಲ, ಬಿಲ್ಲೂ ಇಲ್ಲ. ನೂರಾರು ಕೈಗಳು ಹಗ್ಗ ಹಿಡಿದು ಮೆಲ್ಲಮೆಲ್ಲನೆ ಎಳೆಯುವುದೇ ಅದಕ್ಕಿರುವ ರಕ್ಷೆ. ಇನ್ನು ಕಪಿಲೆಗೆ ೧೭೩೫ರಲ್ಲಿ ದಳವಾಯಿಗಳು ಕಟ್ಟಿಸಿದ ಕಲ್ಲಿನ ಸೇತುವೆಯು ದಾರಿಯನ್ನು ಹಸನುಗೊಳಿಸಿದ ಕೆಲಸ. ಹೊಳೆಯ ಕಲ್ಲಿನಲ್ಲಿಯೂ ಮರಳಿನಲ್ಲಿಯೂ ಇಳಿದು ಏರಬೇಕಾಗಿದ್ದ ಬಂಡಿಗಳಿಗೆ ಅದು ಸಮನಾದ ಹಾದಿಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಬಂದಾಗ, ಬಂಡಿಗಾಗಿ ಕಟ್ಟಿದ ಆ ಸೇತುವೆಯೇ ರೈಲನ್ನೂ ಹೊತ್ತಿತು.

ಮೂರನೆಯ ಉಪಾಯವು ಹೇರಿನ ಗಾಡಿಗೆ ಬಹಳ ತಡವಾಗಿ ಬಂದಿತು. ನಮ್ಮ ಎತ್ತಿನ ಗಾಡಿಯ ರಚನೆಯನ್ನು ನೆನೆದುಕೊಳ್ಳಿ. ಮರದ ಗಾಲಿ, ಅದರ ಸುತ್ತ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟೆ, ನಡುವೆ ಅಚ್ಚು. ಈ ‘ಅಚ್ಚು’ ಎಂಬುದು ಸಂಸ್ಕೃತದ ‘ಅಕ್ಷ’ ಶಬ್ದದ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಅಚ್ಚಿಗೂ ಗಾಡಿಯ ಮೈಗೂ ನಡುವೆ ಬಾಗುವ ವಸ್ತು ಯಾವುದೂ ಇಲ್ಲವಾದ ಕಾರಣ, ನೆಲದ ಪೆಟ್ಟು ನೇರವಾಗಿ ಸವಾರನ ಬೆನ್ನಿಗೂ ಎತ್ತಿನ ಹೆಗಲಿಗೂ ಮುಟ್ಟುತ್ತಿತ್ತು. ಮಳೆಗಾಲದಲ್ಲಿ ಎರೆಭೂಮಿಯಲ್ಲಿ ಮೂಡಿದ ಗಾಡಿಜಾಡು ಬೇಸಗೆಯಲ್ಲಿ ಒಣಗಿ ಕಲ್ಲಾದಾಗ, ಆ ಹಾದಿಯ ಪಾಡನ್ನು ಹೇಳಬೇಕಾದುದಿಲ್ಲ.

ಆದರೂ ನಮ್ಮ ಹಿರಿಯರು ಕೈಕಟ್ಟಿ ಕುಳಿತಿರಲಿಲ್ಲ. ಬಸುರಿಯನ್ನು ತವರಿಗೆ ಕಳುಹಿಸುವಾಗ ಗಾಡಿಯ ತುಂಬ ಹುಲ್ಲು ಹಾಸಿ, ಮೇಲೆ ಕಂಬಳಿಯನ್ನೂ ಜಮಖಾನೆಯನ್ನೂ ಹರಡುತ್ತಿದ್ದರು. ಅಚ್ಚು ಒಣಗದಂತೆ ಕೀಲೆಣ್ಣೆ ಹಾಕುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಹೇರಿನ ಹದವನ್ನು ಬಲ್ಲವರಾಗಿದ್ದರು. ಹೇರು ಮುಂದಾದರೆ ನೊಗವು ಎತ್ತಿನ ಹೆಗಲನ್ನು ಒತ್ತುತ್ತದೆ; ಹಿಂದಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಅಚ್ಚಿನ ನೇರಕ್ಕೆ ಭಾರ ನಿಲ್ಲಿಸುವುದೇ ಗಾಡಿ ಹೊಡೆಯುವವನ ಮೊದಲ ಪಾಠ. ಈ ಪಾಠವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬಿನ್ನಹ. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಯೂರೋಪಿನಲ್ಲಿ ಸಿರಿವಂತರ ಕೋಚುಗಳನ್ನು ಮೊದಲು ತೊಗಲಿನ ಪಟ್ಟಿಗಳಿಂದ ತೂಗಹಾಕುತ್ತಿದ್ದರು. ಬಳಿಕ ಉಕ್ಕಿನ ಪಟ್ಟಿಗಳು ಬಂದವು. ೧೮೦೪ರಲ್ಲಿ ಇಂಗ್ಲೆಂಡಿನ ಒಬದಯ್ಯ ಎಲಿಯಟ್ ಎಂಬಾತನು, ಎರಡು ಬಿಲ್ಲುಗಳನ್ನು ಎದುರುಬದುರಾಗಿ ಜೋಡಿಸಿದಂತಹ ಸ್ಪ್ರಿಂಗಿಗೆ ಹಕ್ಕುಪತ್ರ ಪಡೆದನು. ನಮ್ಮಲ್ಲಿ ಸ್ಪ್ರಿಂಗಿಗೆ ‘ಕಮಾನು’ ಎಂಬ ಹೆಸರೂ ಉಂಟು. ಅದು ಪಾರಸಿ ಶಬ್ದ. ಬಿಲ್ಲು ಎಂದೇ ಅದರ ಅರ್ಥ. ಹೆಸರು ಬಹಳ ಒಪ್ಪುವಂತಿದೆ. ಬಿಲ್ಲು ಬಾಗಿ ಬಲವನ್ನು ತನ್ನೊಳಗೆ ಇಟ್ಟುಕೊಂಡು ಬಾಣಕ್ಕೆ ಕೊಡುವಂತೆ, ಕಮಾನು ನೆಲದ ಪೆಟ್ಟನ್ನು ನುಂಗಿಕೊಂಡು ಮೆಲ್ಲನೆ ಹಿಂದಿರುಗಿಸುತ್ತದೆ. ನಮ್ಮ ಊರುಗಳಲ್ಲಿ ಈ ಸುಖವು ಮೊದಲು ದೊರೆತದ್ದು ಜಟಕಾದಂತಹ ಜನರನ್ನೊಯ್ಯುವ ಗಾಡಿಗಳಿಗೆ. ಮೂಟೆ ಹೊರುವ ಗಾಡಿಗಲ್ಲ. ಮೂಟೆಗೆ ನೋವಿಲ್ಲವೆಂಬುದು ಲೋಕದ ಎಣಿಕೆ. ಮೂಟೆಯ ಮುಂದೆ ಕುಳಿತವನಿಗೆ ನೋವುಂಟೆಂಬುದು ಲೋಕಕ್ಕೆ ಹೊಳೆಯಲು ಬಹುಕಾಲ ಹಿಡಿಯಿತು.

ಹೇರಿನ ಗಾಡಿಗೆ ಮೊದಲು ಬಂದ ಮೆದುತನವು ಕಮಾನಿನದಲ್ಲ, ಗಾಳಿಯದು. ಗಾಳಿ ತುಂಬಿದ ಟೈರಿಗೆ ೧೮೪೫ರಲ್ಲಿ ಥಾಮ್ಸನ್ ಎಂಬಾತನು ಹಕ್ಕುಪತ್ರ ಪಡೆದಿದ್ದರೂ, ಅದು ಬಳಕೆಗೆ ಬಂದದ್ದು ೧೮೮೮ರಲ್ಲಿ ಡನ್‌ಲಪ್ಪನು ಅದನ್ನು ಮತ್ತೆ ಕಂಡುಹಿಡಿದ ಮೇಲೆ. ಕ್ರಮೇಣ ನಮ್ಮ ಎತ್ತಿನ ಗಾಡಿಗೂ ರಬ್ಬರು ಟೈರು ಬಂದು, ‘ಟೈರು ಗಾಡಿ’ ಎಂಬ ಹೊಸ ಮಾತು ಹುಟ್ಟಿತು. ತಲಕಾಡಿನಂತಹ ಮರಳುನೆಲದಲ್ಲಿ ಕಬ್ಬಿಣದ ಕಿರುಪಟ್ಟೆ ಹೂತುಹೋಗುವೆಡೆ ಅಗಲವಾದ ಟೈರು ಹಗುರವಾಗಿ ಉರುಳುತ್ತದೆ. ೧೯೭೦ರ ದಶಕದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು, ಎತ್ತಿನ ಗಾಡಿಯ ಸುಧಾರಣೆಯು ದೇಶದ ಆರ್ಥಿಕ ಪ್ರಶ್ನೆಯೇ ಸರಿ ಎಂದು ಪ್ರತಿಪಾದಿಸಿದರು. ಎತ್ತಿನ ಹೆಗಲಿನ ನೋವು ವಿದ್ವಾಂಸರ ಚರ್ಚೆಗೆ ವಿಷಯವಾದದ್ದು ಸಣ್ಣ ಸಂಗತಿಯಲ್ಲ.

ಅಷ್ಟರಲ್ಲಿ ಕಾಲ ಬದಲಾಯಿತು. ೧೯೮೬ರಲ್ಲಿ ಟಾಟಾ ೪೦೭, ೨೦೦೫ರಲ್ಲಿ ಟಾಟಾ ಏಸ್, ಇವುಗಳ ಹಿಂದೆಮುಂದೆ ಬೇರೆ ಬೇರೆ ಪಿಕಪ್ ಗಾಡಿಗಳು ಬಂದು, ಎತ್ತಿನ ಗಾಡಿಯ ಕೆಲಸವನ್ನು ಬಹುಮಟ್ಟಿಗೆ ಕೈಗೆತ್ತಿಕೊಂಡವು. ಭಾರದ ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆ ಉಕ್ಕಿನ ಪ್ಲೇಟುಗಳನ್ನು ಒಂದರಡಿ ಒಂದು ಪೇರಿಸಿದ ಕಮಾನು ಇರುತ್ತದೆ. ಅದನ್ನು ರೂಪಿಸಿರುವುದು ತುಂಬಿದ ಹೇರಿಗಾಗಿ. ಆದುದರಿಂದಲೇ ಹೇರಿಲ್ಲದಾಗ ಅದು ಬಾಗಲೊಲ್ಲದು. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಕಮಾನು ಅದೇ ಆಗಿದ್ದು ಅದರ ಮೇಲಿನ ಭಾರವು ನಾಲ್ಕು ಪಟ್ಟಾದರೆ ಏರಿಳಿತದ ವೇಗ ಅರ್ಧಕ್ಕಿಳಿಯುತ್ತದೆ. ಭಾರವನ್ನಿಳಿಸಿದಾಗ ಆ ವೇಗ ಮತ್ತೆ ಇಮ್ಮಡಿಯಾಗಿ ಬೆನ್ನಿಗೆ ಬಡಿಯುತ್ತದೆ. ಮೊದಲ ಪ್ರಶ್ನೆಗೆ ಉತ್ತರವಿದು.

ಹಾಗಾದರೆ ಒಂದೆರಡು ಪ್ಲೇಟು ಬಿಚ್ಚಿಸಿದರಾಯಿತಲ್ಲ ಎಂದು ತಾವು ಕೇಳಬಹುದು. ಇಲ್ಲಿ ಎಚ್ಚರ ಬೇಕು. ಅನೇಕ ಗಾಡಿಗಳಲ್ಲಿ ಕೆಳಗಿನ ದಪ್ಪ ಪ್ಲೇಟು ಹೇರು ಬಿದ್ದಾಗ ಮಾತ್ರ ಭಾರಕ್ಕೆ ಹೆಗಲು ಕೊಡುತ್ತದೆ. ಬರಿಯ ಗಾಡಿಯಲ್ಲಿ ಅದು ಸುಮ್ಮನೆ ನಿಂತಿರುತ್ತದೆ. ಅದನ್ನು ತೆಗೆದರೆ ಮೆದುತನ ಬಾರದು, ಹೊರುವ ಶಕ್ತಿ ಮಾತ್ರ ಹೋಗುತ್ತದೆ. ಪ್ಲೇಟಿನ ದಪ್ಪ ಇಮ್ಮಡಿಯಾದರೆ ಅದರ ಗಡಸು ಎಂಟು ಪಟ್ಟಾಗುತ್ತದೆ. ಇಂತಹ ವಸ್ತುವಿನೊಡನೆ ಅಂದಾಜಿನ ಆಟ ಸಲ್ಲದು. ಮೊದಲು ವಿಚಾರಿಸಬೇಕಾದದ್ದು ಬೇರೊಂದು. ಹೆಚ್ಚು ಹೇರುವ ಆಸೆಯಿಂದ ಹೊಸ ಪ್ಲೇಟುಗಳನ್ನು ಸೇರಿಸಿಕೊಳ್ಳುವ ರೂಢಿಯುಂಟು. ಅಂಥ ಗಾಡಿಯ ಗಡಸುತನವು ಕಾರ್ಖಾನೆಯದಲ್ಲ, ಆಸೆಯದು. ಸೇರಿಸಿದ್ದನ್ನು ತೆಗೆಸಿ, ಕಮಾನನ್ನು ಮೊದಲಿನಂತೆ ಮಾಡಿಸುವುದೇ ಮೊದಲ ಮದ್ದು.

ಉಳಿದ ಮದ್ದುಗಳು ಹಳೆಯವೇ. ಕೀಲೆಣ್ಣೆಯ ಜಾಗದಲ್ಲಿ ಗ್ರೀಸು: ಕಮಾನಿನ ಕೊನೆಯ ಪಿನ್ನುಗಳು ಒಣಗಿದರೂ, ಪ್ಲೇಟುಗಳ ನಡುವೆ ತುಕ್ಕು ಕಟ್ಟಿದರೂ, ಬಾಗಬೇಕಾದದ್ದು ಬಾಗದು. ಹುಲ್ಲಿನ ಹಾಸಿನ ಜಾಗದಲ್ಲಿ ಟೈರಿನ ಗಾಳಿ: ತುಂಬಿದ ಗಾಡಿಗೆ ಎಷ್ಟು, ಬರಿಯ ಗಾಡಿಗೆ ಎಷ್ಟು ಎಂಬುದನ್ನು ತಯಾರಕರ ಪುಸ್ತಕದಲ್ಲಿ ನೋಡಿ, ಟೈರು ತಣ್ಣಗಿರುವಾಗ ಅಳೆಯಿಸಬೇಕು. ಒಂದು ಹಳ್ಳಕ್ಕೆ ಗಾಡಿ ಮೂರು ಸಲ ಕುಣಿದರೆ, ಷಾಕ್ ಅಬ್ಸಾರ್ಬರ್ ಸತ್ತಿದೆಯೆಂದು ತಿಳಿಯಬೇಕು. ಹೇರಿನ ಹದವೂ ಹಾಗೆಯೇ: ಭಾರವೆಲ್ಲ ಹಿಂದಿನ ಅಚ್ಚನ್ನು ದಾಟಿ ಹಿಂದಕ್ಕೆ ಬಿದ್ದರೆ, ಅಂದು ಮೂಕಿ ಎದ್ದಂತೆ ಇಂದು ಗಾಡಿಯ ಮೂತಿ ಹಗುರಾಗಿ ಸ್ಟೀರಿಂಗು ಹಿಡಿತಕ್ಕೆ ಬಾರದು.

ಇಷ್ಟನ್ನೂ ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಕೊಯ್ಲಿನ ಕಾಲದಲ್ಲಿ ಸಂಜೆಯ ಹೊತ್ತು, ಬರಿದಾದ ಪಿಕಪ್ಪಿನ ಹಿಂಬದಿಯಲ್ಲಿ ಕೂಲಿಯ ಹೆಂಗಸರು ಅಂಚು ಹಿಡಿದು ನಿಂತು ಊರಿಗೆ ಹೋಗುವುದನ್ನು ಯಾರು ಕಂಡಿಲ್ಲ? ಗಾಡಿ ಅತ್ಯಂತ ಗಡಸಾಗಿರುವ ಹೊತ್ತಿನಲ್ಲಿ, ಅತ್ಯಂತ ಗಡಸಾದ ಜಾಗದಲ್ಲಿ, ದಿನವೆಲ್ಲ ಬಗ್ಗಿ ದುಡಿದ ಬೆನ್ನುಗಳು ನಿಂತಿರುತ್ತವೆ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಒಂದು ಕುಲುಕಿಗೆ ಕೈ ಜಾರಿದರೆ ಪ್ರಾಣಕ್ಕೇ ಸಂಚಕಾರ. ಯಾವ ಕಮಾನೂ ಇದಕ್ಕೆ ಪರಿಹಾರವಲ್ಲ. ಹೊತ್ತಿಗೆ ಸರಿಯಾಗಿ ಬರುವ ಬಸ್ಸೇ ಪರಿಹಾರ.

ಗಾಡಿಯ ಒಡೆಯರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಇನ್ನೊಂದು ಪ್ಲೇಟು ಸೇರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇರುವ ಮುನ್ನ, ಎರಡು ಸಲ ಹೋಗಿಬರುವ ಖರ್ಚನ್ನೂ, ಒಂದು ಬೆನ್ನಿನ ಬೆಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿ ನೋಡಿರಿ.