ರಾತ್ರಿ ಪದೇ ಪದೇ ಹೊಟ್ಟೆನೋವು: ಕಾರಣ ಗೊತ್ತಾಗದಿದ್ದಾಗ ಏನು ಮಾಡಬೇಕು?

ರಾತ್ರಿ ಒಂದೂವರೆ, ಎರಡು ಗಂಟೆಗೆ ಹೊಟ್ಟೆನೋವಿನಿಂದ ಎಚ್ಚರವಾಗುತ್ತದೆ. ಎದ್ದು ಕೂತು ಒಂದು ಗ್ಯಾಸಿನ ಮಾತ್ರೆ ನುಂಗಿ, ಸ್ವಲ್ಪ ಹಾಲು ಕುಡಿದರೆ ಮತ್ತೆ ನಿದ್ದೆ ಬರುತ್ತದೆ. ಬೆಳಿಗ್ಗೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ನೋವು ಮರೆತುಹೋಗುತ್ತದೆ. ವಾರ ಕಳೆದ ಮೇಲೆ ಮತ್ತೆ ಅದೇ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ನಮ್ಮ ಮನೆಗಳಲ್ಲಿ ಇದನ್ನು ‘ಹೊರಗಿನ ತಿಂಡಿಯಿಂದಾದ ಆಸಿಡಿಟಿ’ ಎಂದು ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ. ಹಗಲಿನಲ್ಲಿ ವೈದ್ಯರ ಬಳಿ ಹೋದಾಗ ಹೊಟ್ಟೆ ಒತ್ತಿದರೆ ನೋವಿಲ್ಲ, ರಕ್ತಪರೀಕ್ಷೆಯೂ ಸರಿಯಾಗಿದೆ. ಇಂಥ ನೋವಿನಲ್ಲಿ ವೈದ್ಯರಿಗೆ ಹೆಚ್ಚು ಸಹಾಯವಾಗುವುದು ಮೂರು ವಿಷಯ: ನೋವು ಬಂದ ಹೊತ್ತು, ಊಟಕ್ಕೂ ಅದಕ್ಕೂ ಇದ್ದ ಅಂತರ ಮತ್ತು ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ.

ನೋವಿನ ಹೊತ್ತು ಏನು ಹೇಳುತ್ತದೆ?

ಊಟವಾಗಿ ಎರಡು-ಮೂರು ಗಂಟೆ ಕಳೆದ ಮೇಲೆ ಅಥವಾ ನಡುರಾತ್ರಿ ಎಬ್ಬಿಸುವ, ಹೊಕ್ಕುಳಿನ ಮೇಲ್ಭಾಗದ ಉರಿನೋವು ಏನಾದರೂ ತಿಂದ ತಕ್ಷಣ ಕಡಿಮೆಯಾದರೆ ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಾಗಿರಬಹುದು. ಹಾಲು ಸ್ವಲ್ಪ ಹೊತ್ತು ಹಿತ ಕೊಟ್ಟರೂ ಅದು ಮತ್ತೆ ಆಮ್ಲ ಹೆಚ್ಚಿಸುತ್ತದೆ. ಉಪ್ಪಿನಕಾಯಿ, ಮೆಣಸಿನಕಾಯಿಗಳಿಂದಲೇ ಹುಣ್ಣಾಗುತ್ತದೆ ಎಂಬುದು ಹಳೆಯ ನಂಬಿಕೆ. ಮುಖ್ಯ ಕಾರಣಗಳು ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಈ ಬ್ಯಾಕ್ಟೀರಿಯಾ ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

ಮಲಗಿದ ಕೂಡಲೇ ಎದೆಯುರಿ, ಗಂಟಲಿಗೆ ಹುಳಿ ನೀರು ಬಂದರೆ ಆಮ್ಲ ಅನ್ನನಾಳಕ್ಕೆ ಹಿಮ್ಮರಳುತ್ತಿದೆ ಎಂದರ್ಥ. ಹನ್ನೊಂದಕ್ಕೆ ಮನೆ ಸೇರಿ, ಉಂಡು, ಹಾಸಿಗೆಗೆ ಬೀಳುವವರಲ್ಲಿ ಇದು ಹೆಚ್ಚು. ಹೋಟೆಲ್ ಮುಚ್ಚಿದ ಮೇಲೆ ಉಣ್ಣುವ ನಮ್ಮ ಹೋಟೆಲ್ ಕೆಲಸಗಾರರಿಗೆ ‘ಮಲಗುವ ಮೂರು ಗಂಟೆ ಮೊದಲು ಊಟ ಮುಗಿಸಿ’ ಎಂದರೆ ನಗುತ್ತಾರೆ, ಅದು ಸಹಜವೇ. ಅಂಥವರು ಮುಖ್ಯ ಊಟವನ್ನು ಸಂಜೆಯ ಬಿಡುವಿನಲ್ಲಿ ಮುಗಿಸಿ, ರಾತ್ರಿ ಹಗುರವಾಗಿ ತಿನ್ನಬಹುದು. ಮಂಚದ ತಲೆಯ ಕಡೆಯ ಕಾಲುಗಳನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು, ಎಡ ಮಗ್ಗುಲಲ್ಲಿ ಮಲಗುವುದು ಕೂಡ ಉಪಯುಕ್ತ.

ಎಣ್ಣೆ-ತುಪ್ಪದ ಊಟವಾದ ರಾತ್ರಿ ಬಲ ಪಕ್ಕೆಲುಬಿನ ಕೆಳಗೆ ಬಿಗಿದು, ಬೆನ್ನಿಗೆ ಅಥವಾ ಬಲ ಹೆಗಲಿಗೆ ಹರಡುವ ನೋವು ಪಿತ್ತಕೋಶದ ಕಲ್ಲಿನದಿರಬಹುದು. ಇದಕ್ಕೆ ಸೋನೋಗ್ರಫಿ ಬೇಕು. ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕರುಳಿನ ಕ್ಷಯವನ್ನೂ ಪರೀಕ್ಷಿಸಬೇಕಾಗುತ್ತದೆ. ಮಕ್ಕಳನ್ನು ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವನ್ನು ‘ಶಾಲೆ ತಪ್ಪಿಸುವ ನಾಟಕ’ ಎನ್ನದೆ ವೈದ್ಯರಿಗೆ ತೋರಿಸಿ.

ಮಾತ್ರೆಗಳೇ ಕಾರಣವಾಗಿರಬಹುದು

ಫಾರ್ಮಸಿಸ್ಟಾಗಿ ನನ್ನ ಮೊದಲ ಪ್ರಶ್ನೆ ಇದೇ: ಬೇರೆ ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ? ರೈಲಿನಲ್ಲಿ ನಿಂತು ನಿಂತು ಬಂದ ಸೊಂಟನೋವಿಗೆ, ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯ ಒಳಪದರವನ್ನು ಕೆಡಿಸುತ್ತವೆ. ಹೊಟ್ಟೆ ನುಲಿತಕ್ಕೆಂದು ಮನೆಮನೆಯಲ್ಲಿ ಇಟ್ಟುಕೊಳ್ಳುವ ಜೋಡಿ ಮಾತ್ರೆಯೊಂದರಲ್ಲಿ ಡೈಸೈಕ್ಲೊಮಿನ್ ಜೊತೆ ಮೆಫೆನಾಮಿಕ್ ಆಸಿಡ್ ಇರುತ್ತದೆ. ಇದೂ ಅದೇ ಗುಂಪಿನ ನೋವಿನ ಔಷಧಿ. ಅಂದರೆ ಹುಣ್ಣಿನ ನೋವಿಗೆ ಹುಣ್ಣು ಹೆಚ್ಚಿಸುವ ಮಾತ್ರೆಯನ್ನೇ ನುಂಗುತ್ತಿರಬಹುದು. ಪಟ್ಟಿಯ ಹಿಂಬದಿ ಓದಿ. ಹೃದಯಕ್ಕೆಂದು ವೈದ್ಯರು ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಹೊಟ್ಟೆನೋವಿದೆ ಎಂದು ಅವರಿಗೇ ತಿಳಿಸಿ. ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಸುಡುತ್ತದೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ನೋವು ಬಂದಾಗ ನಡುರಾತ್ರಿ ನುಂಗಿದರೆ ಆ ಹೊತ್ತಿಗೆ ಹೆಚ್ಚು ಉಪಯೋಗವಿಲ್ಲ. ಪೈಲೋರಿಯ ಉಸಿರು ಪರೀಕ್ಷೆಗೋ ಮಲ ಪರೀಕ್ಷೆಗೋ ಮೊದಲು ಈ ಮಾತ್ರೆಗಳನ್ನು ಎರಡು ವಾರ, ಆ್ಯಂಟಿಬಯೋಟಿಕ್ ಅನ್ನು ನಾಲ್ಕು ವಾರ ಬಿಟ್ಟಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ‘ಇಲ್ಲ’ ಎಂದು ವರದಿ ಬರಬಹುದು. ‘ಎಲ್ಲ ನಾರ್ಮಲ್’ ಎಂಬ ಕೆಲವು ವರದಿಗಳ ಹಿಂದಿನ ಕಥೆ ಇದು. ಯಾವಾಗ ಬಿಡಬೇಕು ಎಂಬುದನ್ನು ಪರೀಕ್ಷೆ ಬರೆದ ವೈದ್ಯರಲ್ಲೇ ಕೇಳಿ.

ತಡಮಾಡಬಾರದ ಲಕ್ಷಣಗಳು

ಟಾರಿನಂತೆ ಕಪ್ಪಾದ, ಅಂಟಂಟಾದ ಮಲ, ರಕ್ತದ ಅಥವಾ ಕಾಫಿಪುಡಿಯಂಥ ವಾಂತಿ, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಕಾಮಾಲೆ, ಮೇಲ್ಹೊಟ್ಟೆ ನೋವಿನ ಜೊತೆ ಬೆವರು, ಉಸಿರಾಟದ ಕಷ್ಟ, ದವಡೆ ಅಥವಾ ಎಡಗೈಗೆ ಹರಡುವ ನೋವು: ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಹೊಟ್ಟೆನೋವಿನ ರೂಪದಲ್ಲೇ ಬರಬಹುದು. ಮಹಾರಾಷ್ಟ್ರದಲ್ಲಿ 108ಕ್ಕೆ ಕರೆ ಮಾಡಿದರೆ ಉಚಿತ ಆಂಬುಲೆನ್ಸ್ ಸಿಗುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ತೆಗೆದುಕೊಳ್ಳುತ್ತಿದ್ದರೆ ಹೇಳಿ.

ವೈದ್ಯರಿಗೆ ಹೇಳುವುದು ಹೇಗೆ?

ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಬರೆಯಿರಿ: ಊಟದ ಹೊತ್ತು, ನೋವಿನ ಹೊತ್ತು, ಜಾಗ, ಏನು ಮಾಡಿದಾಗ ಕಡಿಮೆಯಾಯಿತು, ಯಾವ ಮಾತ್ರೆ. ಊರಿನಿಂದ ಬಂದ ಅಮ್ಮನಿಗೆ ಮರಾಠಿ ಬಾರದಿದ್ದರೆ ಎಲ್ಲ ಬಗೆಯ ನೋವೂ ‘ಪೋಟಾತ ದುಖತೆ’ ಎಂಬ ಒಂದೇ ಮಾತಾಗಿಬಿಡುತ್ತದೆ. ಉರಿಗೆ ‘ಜಳಜಳ’, ಚುಚ್ಚಿ ಹಿಡಿಯುವ ನೋವಿಗೆ ‘ಕಳ’, ನುಲಿತಕ್ಕೆ ‘ಮುರಡಾ’ ಎನ್ನಿ. ಇಷ್ಟು ವ್ಯತ್ಯಾಸ ತಿಳಿದರೂ ವೈದ್ಯರ ಮುಂದಿನ ಪ್ರಶ್ನೆಗಳು ಬದಲಾಗುತ್ತವೆ.

ಡೊಂಬಿವಲಿಯ ಶಾಸ್ತ್ರಿನಗರ, ಕಲ್ಯಾಣದ ರುಕ್ಮಿಣಿಬಾಯಿ, ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆಗಳ ಹೊರರೋಗಿ ವಿಭಾಗದಿಂದ ಶುರು ಮಾಡಬಹುದು. ಅಗತ್ಯವಿದ್ದರೆ ಮುಂಬಯಿಯ ಸಾಯನ್ ಅಥವಾ ಕೆಇಎಂ ಆಸ್ಪತ್ರೆಯ ಜಠರ-ಕರುಳು ವಿಭಾಗಕ್ಕೆ ಚೀಟಿ ಕೇಳಿ.

ಎಲ್ಲ ಪರೀಕ್ಷೆಯೂ ಸರಿಯಿದ್ದರೆ?

ಆಗಲೂ ನೋವು ಸುಳ್ಳಲ್ಲ. ಕರುಳಿನ ನರಗಳು ಅತಿ ಸೂಕ್ಷ್ಮವಾದಾಗ ಎಂಡೋಸ್ಕೋಪಿಯಲ್ಲಿ ಏನೂ ಕಾಣದೆಯೂ ನೋಯುತ್ತದೆ. ನಿದ್ದೆಗೆಟ್ಟಾಗ, ಪಾಳಿ ಬದಲಾದಾಗ ಹೆಚ್ಚಾಗುತ್ತದೆ. ಇದಕ್ಕೆ ವೈದ್ಯರು ರಾತ್ರಿ ಹೊತ್ತು ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆಯಬಹುದು. ಇದು ಖಿನ್ನತೆಯ ಮಾತ್ರೆ ಎಂದು ಮೊಬೈಲಿನಲ್ಲಿ ಓದಿ ‘ನನಗೇನು ಹುಚ್ಚೇ?’ ಎಂದು ಬಿಟ್ಟುಬಿಡುವವರು ಹಲವರು. ಈ ಸಣ್ಣ ಪ್ರಮಾಣದಲ್ಲಿ ಅದನ್ನು ಕೊಡುವುದು ಕರುಳಿನ ನರಗಳ ನೋವಿಗಾಗಿ. ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇರುತ್ತದೆ. ಹಾಗಾಗಿ ಬೈಕ್ ಓಡಿಸುವವರು, ಯಂತ್ರದ ಮೇಲೆ ಕೆಲಸ ಮಾಡುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.